27 ಪುಸ್ತಕ ಓದಿದೆ, 16 ನೆನಪಿನಲ್ಲಿಲ್ಲ; ಮುಂದಿನ ವರ್ಷಕ್ಕೆ ಏನನ್ನು ಆರಿಸಿಕೊಳ್ಳಲಿ?

ರೈಲು ಓದುಗಿ, ತುಮಕೂರು

ಎಲ್ಲರಿಗೂ ನಮಸ್ಕಾರ.

2025ರ ಜನವರಿ ಮೊದಲ ದಿನ ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ನಾಲ್ಕು ಅಂಕಣ ಬರುವಂತೆ ಗೆರೆ ಎಳೆದು, ಪುಸ್ತಕದ ಹೆಸರು, ಶುರು ಮಾಡಿದ ದಿನ, ಮುಗಿಸಿದ ದಿನ, ಅಭಿಪ್ರಾಯ ಎಂದು ತಲೆಬರಹ ಬರೆದು, ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಪುಸ್ತಕ ಓದಬೇಕೆಂದು ಗುರಿ ಇಟ್ಟುಕೊಂಡೆ. ನಾನು ತುಮಕೂರಿನಿಂದ ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ಓಡಾಡುವವಳು. ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಹೋಗುವಾಗ ಸುಮಾರು ಒಂದೂವರೆ ಗಂಟೆ, ಬರುವಾಗ ಅಷ್ಟೇ. ಸೀಟು ಸಿಕ್ಕ ದಿನ ಪುಸ್ತಕ, ಸಿಗದ ದಿನ ಕಂಬಿ ಹಿಡಿದು ಅಕ್ಕಪಕ್ಕದವರ ಮಾತು.

ಲೆಕ್ಕದ ಪ್ರಕಾರ ನಾನು ಗುರಿ ದಾಟಿದ್ದೇನೆ. ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ 27 ಪುಸ್ತಕಗಳು ಮುಗಿದಿದ್ದವು. ಕಳೆದ ಭಾನುವಾರ ಬಿಡುವಾಗಿದ್ದಾಗ, ಹೆಸರಿನ ಅಂಕಣವೊಂದನ್ನು ಬಿಟ್ಟು ಉಳಿದುದನ್ನು ಕಾಗದದಿಂದ ಮುಚ್ಚಿ, ಪ್ರತಿಯೊಂದು ಪುಸ್ತಕದ ಬಗ್ಗೆಯೂ ನೆನಪಿನಿಂದಲೇ ಎರಡೆರಡು ವಾಕ್ಯ ಬರೆಯೋಣವೆಂದು ಕುಳಿತೆ. 11 ಪುಸ್ತಕಗಳಿಗೆ ಬರೆಯಲು ಸಾಧ್ಯವಾಯಿತು. ಉಳಿದ 16ರ ಮುಂದೆ ಪೆನ್ನು ಸುಮ್ಮನೆ ನಿಂತಿತು. ಅವುಗಳಲ್ಲೊಂದರ ಎದುರಿಗೆ ನನ್ನದೇ ಅಕ್ಷರದಲ್ಲಿ ‘ಬಹಳ ಚೆನ್ನಾಗಿದೆ, ಮತ್ತೊಮ್ಮೆ ಓದಬೇಕು’ ಎಂದಿದೆ. ಅದು ಕಾದಂಬರಿಯೋ ಕಥಾಸಂಕಲನವೋ ಎಂಬುದೇ ನನಗೆ ಹೊಳೆಯಲಿಲ್ಲ. ತಪ್ಪು ಪುಸ್ತಕದ್ದಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ.

ದಿನಾಂಕಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಬೇಸಿಗೆಯಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆರು ವಾರ ತೆಗೆದುಕೊಂಡದ್ದರಿಂದ ನಾನು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದೆ. ಅಕ್ಟೋಬರ್ ಕಳೆದ ಮೇಲೆ ಗ್ರಂಥಾಲಯದ ಕಪಾಟಿನ ಮುಂದೆ ನಿಂತು, ಪುಸ್ತಕದ ಬೆನ್ನಿನ ದಪ್ಪ ನೋಡಿ ಆರಿಸಲು ತೊಡಗಿದೆ: 120 ಪುಟದೊಳಗಿದ್ದರೆ ಚೀಲಕ್ಕೆ, ಮೀರಿದರೆ ಮರಳಿ ಕಪಾಟಿಗೆ. ಮಾರ್ಚ್ ಕೊನೆಯಲ್ಲಿ ವೋಚರುಗಳನ್ನು ಹೊಂದಿಸಿ ಮುಗಿಸುವ ಆತುರವನ್ನೇ ನಾನು ಕಥೆ, ಕವಿತೆಗಳ ಮೇಲೂ ಹೇರಿದೆನೆಂದು ಈಗ ನಾಚಿಕೆಯಾಗುತ್ತಿದೆ.

ಉಳಿದುಕೊಂಡವುಗಳ ಬಗ್ಗೆಯೂ ಹೇಳಬೇಕು. ‘ಮದುಮಗಳು’ ಕಾದಂಬರಿಯನ್ನು ಹಿಂದೆ ಎರಡು ಬಾರಿ ಕೈಗೆತ್ತಿಕೊಂಡು, ಯಾರು ಯಾವ ಮನೆಯವರೆಂಬುದು ತಿಳಿಯದೆ ಅರವತ್ತನೆಯ ಪುಟದ ಆಸುಪಾಸಿನಲ್ಲಿ ಬಿಟ್ಟಿದ್ದೆ. ಈ ಸಲ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ, ಮೇಗರವಳ್ಳಿ ಎಂದು ಚೌಕಗಳನ್ನು ಬರೆದು, ಮನುಷ್ಯರು ಒಂದೂರಿನಿಂದ ಇನ್ನೊಂದೂರಿಗೆ ನಡೆದಂತೆಲ್ಲ ಬಾಣದ ಗುರುತು ಹಾಕುತ್ತಾ ಹೋದೆ. ಕೊನೆಯಲ್ಲಿ ಗುತ್ತಿಯ ‘ಹುಲಿಯ’ ಎಂಬ ನಾಯಿ ತುಂಗೆಯ ನೆರೆಗೆ ಸಿಕ್ಕುವ ಭಾಗ ಓದುವ ಹೊತ್ತಿಗೆ ರೈಲು ಯಶವಂತಪುರ ದಾಟಿತ್ತು. ಎದುರಿಗೆ ಕುಳಿತಿದ್ದ ಹೂವಿನ ವ್ಯಾಪಾರದ ಹೆಂಗಸು ಏನಾಯಿತೆಂದು ಕೇಳಿದರೆ ನಾಯಿಯ ವಿಷಯ ಎಂದಷ್ಟೇ ಹೇಳಲಾಯಿತು. ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ‘ಗೃಹಭಂಗ’ವನ್ನು ಇಪ್ಪತ್ತು ವರ್ಷಗಳ ಅನಂತರ ಮತ್ತೆ ಓದಿದೆ. ಕಾಲೇಜಿನಲ್ಲಿದ್ದಾಗ ಪ್ಲೇಗಿನ ಸಾವುಗಳು ಮಾತ್ರ ಕಣ್ಣಿಗೆ ಬಿದ್ದಿದ್ದವು. ಈಗ, ಗಂಡನ ಹೆಸರಿನ ಶ್ಯಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಕಲಿತು ಬರೆಯುವ ಪುಟಗಳ ಮೇಲೆ ನಿಂತುಬಿಟ್ಟೆ. ಬಹುಶಃ ಲೆಕ್ಕ ಬರೆಯುವವಳಿಗಷ್ಟೇ ಕಾಣುವ ಸಂಗತಿ ಅದು.

ಹಾಗೆಂದು ನಿಧಾನವಾಗಿ ಓದಿದ್ದು ಮಾತ್ರ ಉಳಿಯಿತು ಎನ್ನಲೂ ಬರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ದಿನದ ಹೋಗಿಬರುವ ಪಯಣದಲ್ಲಿ ಮುಗಿಯಿತು. ಅದರ ಒಂದೊಂದು ದೃಶ್ಯವೂ ನೆನಪಿದೆ. ಅರ್ಥವೇ ಇಲ್ಲದ ಆ ಹೆಸರು ಈಗ ನಮ್ಮ ಮನೆಯಲ್ಲಿ ಚಾರ್ಜರಿನ ತಂತಿ ಗೋಜಲಾದಾಗಲೆಲ್ಲ ಬಳಕೆಯಾಗುತ್ತಿದೆ. ಇನ್ನು ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಅರ್ಧಕ್ಕೇ ಬಿಟ್ಟೆ. ಅಲ್ಲಿಯ ಭಾಷೆ ನನಗೆ ದಕ್ಕಲಿಲ್ಲ.

ಮುಂದಿನ ವರ್ಷದ ಬಗ್ಗೆ ನನ್ನಲ್ಲಿ ಮೂರು ಯೋಚನೆಗಳಿವೆ. ಪಟ್ಟಿಯನ್ನೆಲ್ಲ ಬದಿಗಿಟ್ಟು ಕುಮಾರವ್ಯಾಸನ ಭಾರತವನ್ನು ವರ್ಷವಿಡೀ ಓದುವುದು ಒಂದು. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದಿರುವ ಶಿವರಾಮ ಕಾರಂತರನ್ನು, ಬರೆದ ಕ್ರಮದಲ್ಲೇ, ಆದಷ್ಟು ಓದುವುದು ಇನ್ನೊಂದು. ಯಾವ ಯೋಜನೆಯನ್ನೂ ಮಾಡದೆ ಕೈಗೆ ಸಿಕ್ಕಿದ್ದನ್ನು ಓದಿಕೊಂಡು ಹೋಗುವುದು ಮೂರನೆಯದು. ನನ್ನ ಸ್ವಭಾವಕ್ಕೆ ಅದು ಒಗ್ಗುತ್ತದೆಯೋ ಇಲ್ಲವೋ ಅನುಮಾನ. ಹಳಗನ್ನಡ, ನಡುಗನ್ನಡಗಳನ್ನು ನಾನು ಪಿಯುಸಿಯ ಪಠ್ಯದಾಚೆ ಓದಿದವಳಲ್ಲ. ನೀವು ವರ್ಷದ ಕೊನೆಯಲ್ಲಿ ಮುಂದಿನದನ್ನು ಹೇಗೆ ಆರಿಸಿಕೊಳ್ಳುತ್ತೀರಿ? ಹಿರಿಯರು, ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಮೇಷ್ಟ್ರು, ಹಾಸನ

ತಾಯೀ, ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವನು ನಾನು. ನೀವು ಮುಚ್ಚಿಟ್ಟು ನೋಡಿದ ಪರೀಕ್ಷೆಯನ್ನು ನನ್ನ ಮೇಲೆ ಮಾಡಿದರೆ ಪಾಠ ಮಾಡಿದ ಪುಸ್ತಕಗಳನ್ನು ಬಿಟ್ಟು ಉಳಿದವುಗಳಲ್ಲಿ ನನ್ನ ಅಂಕ ನಿಮಗಿಂತ ಕಡಿಮೆಯೇ ಬರಬಹುದು. ಆದ್ದರಿಂದ ಮೊದಲು ಆ ನಾಚಿಕೆಯನ್ನು ಬಿಡಿ. ನೆನಪಿನಲ್ಲಿ ಉಳಿದ ಹನ್ನೊಂದನ್ನು ಗಮನಿಸಿ. ನಕ್ಷೆ ಬರೆದುಕೊಂಡು ಓದಿದ್ದು ಉಳಿಯಿತು, ನಿಮ್ಮ ಉದ್ಯೋಗದ ಕಣ್ಣಿನಿಂದ ಓದಿದ್ದು ಉಳಿಯಿತು, ಮನೆಯ ಮಾತಿಗೆ ಸೇರಿಕೊಂಡ ಹೆಸರಿನದು ಉಳಿಯಿತು. ಮೂರರಲ್ಲೂ ನೀವು ಪುಸ್ತಕದ ಜೊತೆಗೆ ಏನನ್ನೋ ಮಾಡಿದ್ದೀರಿ. ವೇಗಕ್ಕೂ ನೆನಪಿಗೂ ನೇರ ಸಂಬಂಧವಿಲ್ಲವೆಂಬುದನ್ನು ನೀವೇ ಶಾನಭಾಗರ ಉದಾಹರಣೆ ಕೊಟ್ಟು ಹೇಳಿದ್ದೀರಿ.

ಕುಮಾರವ್ಯಾಸನ ವಿಚಾರದಲ್ಲಿ ನನ್ನದು ಪಕ್ಷಪಾತದ ಮಾತೆಂದು ತಿಳಿದೇ ಓದಿರಿ. ಓದಬೇಕು. ಆದರೆ ಹತ್ತು ಪರ್ವಗಳ 152 ಸಂಧಿಗಳನ್ನು, ಎಂದರೆ ಅಧ್ಯಾಯಗಳನ್ನು, ಆದಿಪರ್ವದ ಮೊದಲ ಪದ್ಯದಿಂದ ಹಿಡಿದು ಕ್ರಮವಾಗಿ ಮುಗಿಸುತ್ತೇನೆಂದು ಹೊರಟರೆ ಅದು ಮತ್ತೊಂದು ಗುರಿಯಾಗುತ್ತದೆ, ಅಷ್ಟೆ. ವಿರಾಟಪರ್ವವೊಂದನ್ನೇ ತೆಗೆದುಕೊಳ್ಳಿ. ಅದರಲ್ಲಿ ಹತ್ತೇ ಸಂಧಿಗಳಿವೆ. ಕಥೆ ಎಲ್ಲರಿಗೂ ಗೊತ್ತಿರುವಂಥದು. ಅಂತಃಪುರದಲ್ಲಿ ಜಂಬ ಕೊಚ್ಚಿ ರಣರಂಗದಲ್ಲಿ ರಥದಿಂದಿಳಿದು ಓಡುವ ಉತ್ತರಕುಮಾರನ ಪ್ರಸಂಗಕ್ಕೆ ನನ್ನ ಒಂಬತ್ತನೆಯ ತರಗತಿಯ ಅತ್ಯಂತ ತುಂಟ ಹುಡುಗರೂ ನಕ್ಕಿದ್ದಾರೆ. ನಮ್ಮ ಕಡೆ ಮಳೆ ಹೋದ ವರ್ಷಗಳಲ್ಲಿ ಊರ ದೇವಸ್ಥಾನದಲ್ಲಿ ಓದಿಸುತ್ತಿದ್ದದ್ದೂ ವಿರಾಟಪರ್ವವನ್ನೇ.

ಇನ್ನೊಂದು ಮಾತು: ಅವನನ್ನು ರೈಲಿನಲ್ಲಿ ಬಾಯಿ ಮುಚ್ಚಿಕೊಂಡು ಓದಬೇಡಿ. ಅವನ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು 14 ಮಾತ್ರೆಗಳು ಬರುತ್ತವೆ. ಮೂರನೆಯದೂ ಆರನೆಯದೂ ಅದೇ ನಡೆಯಲ್ಲಿ ಇನ್ನಷ್ಟು ಉದ್ದಕ್ಕೆ ಸಾಗಿ ಒಂದು ಗುರುವಿನ ಮೇಲೆ ನಿಲ್ಲುತ್ತವೆ. ಈ ಲೆಕ್ಕ ಹೇಳುವುದು ಸುಲಭ, ಆದರೆ ಸಾಲು ಮುಗಿದಲ್ಲಿ ಮಾತು ಮುಗಿಯುವುದಿಲ್ಲ. ಕಾವ್ಯದ ಮೊದಲ ಪದ್ಯದ ಮೊದಲ ಸಾಲೇ ‘ರಾ’ ಎಂಬ ಅಕ್ಷರದಲ್ಲಿ ನಿಲ್ಲುತ್ತದೆ; ‘ಜೀವ’ ಎಂಬುದು ಎರಡನೆಯ ಸಾಲಿಗೆ ಹೋಗಿ ಕುಳಿತಿದೆ. ಕಣ್ಣಿನಿಂದ ಓದುವವರು ಅಲ್ಲಿಯೇ ಮುಗ್ಗರಿಸುತ್ತಾರೆ. ದನಿ ತೆಗೆದು ಎರಡು ಸಲ ಓದಿದರೆ ‘ರಾಜೀವ’ ತಾನಾಗಿ ಕೂಡಿಕೊಳ್ಳುತ್ತದೆ. ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವ ಗಮಕದ ಪದ್ಧತಿ ನಮ್ಮಲ್ಲಿ ಬೆಳೆದುಬಂದದ್ದೂ ಇದಕ್ಕೇ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಗಮಕದ ಧ್ವನಿಮುದ್ರಿಕೆಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಮೊದಲು ಕೇಳಿ, ಆಮೇಲೆ ಪುಸ್ತಕ ಹಿಡಿದು ನೀವೇ ಓದಿ, ಅರ್ಥ ಹುಡುಕುವುದು ಕೊನೆಗೆ. ವಾರಕ್ಕೊಂದು ಸಂಧಿ ಸಾಕು.

‘ಕುಸುಮಬಾಲೆ’ ದಕ್ಕಲಿಲ್ಲವೆಂದಿರಿ. ಅದಕ್ಕೂ ಇದೇ ಮದ್ದು. ಎಲ್. ಬಸವರಾಜು ಅವರು ಆ ಗದ್ಯವನ್ನೇ ಪದ್ಯದ ಸಾಲುಗಳಂತೆ ಒಡೆದು ಜೋಡಿಸಿ, ಅದು ಹಾಡುವ ಮಾತೆಂಬುದನ್ನು ತೋರಿಸಿಕೊಟ್ಟರು. ರಾತ್ರಿ ದೀಪಗಳು ಆರಿದ ಮೇಲೆ ಊರಿನ ಜೋತಮ್ಮರೆಲ್ಲ, ಎಂದರೆ ದೀಪದ ಜ್ಯೋತಿಗಳೆಲ್ಲ, ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ. ನಂಜನಗೂಡಿನ ಕಡೆಯ ಮಾತು ತುಮಕೂರಿನವರಿಗೆ ಅಷ್ಟೇನೂ ದೂರದ್ದಲ್ಲ.

ಡೊಂಬಿವಲಿ ಕನ್ನಡಿಗ

ಮೇಷ್ಟ್ರ ಮಾತಿಗೆ ಗೌರವವಿಟ್ಟುಕೊಂಡೇ ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ಲೆಕ್ಕವಿಟ್ಟು ಓದುವುದು ಕೀಳೆಂಬ ಭಾವನೆ ಈ ಚರ್ಚೆಯಲ್ಲಿ ಸುಳಿಯುತ್ತಿದೆ. ನನ್ನ ಅನುಭವ ಬೇರೆ. ಮುಂಬಯಿಗೆ ಬಂದು ನೌಕರಿಗೆ ಸೇರಿದ ಮೇಲೆ ಎಂಟು ವರ್ಷ ನಾನು ಒಂದೇ ಒಂದು ಕನ್ನಡ ಪುಸ್ತಕವನ್ನೂ ಪೂರ್ತಿ ಓದಲಿಲ್ಲ. ಊರಿಗೆ ಹೋದಾಗಲೆಲ್ಲ ಕೊಂಡು ತಂದದ್ದು ಅಲಮಾರಿನಲ್ಲಿ ಹಾಗೆಯೇ ಇರುತ್ತಿತ್ತು. ನನ್ನನ್ನು ಮತ್ತೆ ಓದಿಗೆ ತಂದದ್ದು, ವರ್ಷಕ್ಕೆ ಹತ್ತಾದರೂ ಎಂದು ಕ್ಯಾಲೆಂಡರಿನ ಮೇಲೆ ಗೀಟು ಹಾಕಿದ್ದೇ. ಲೆಕ್ಕ ಬೇಡ ಎನ್ನುವುದು ಓದು ಈಗಾಗಲೇ ಅಭ್ಯಾಸವಾಗಿರುವವರಿಗೆ ಸಲ್ಲುವ ಮಾತು. ಮೊದಲ ವರ್ಷಕ್ಕೆ ಲೆಕ್ಕ ಬೇಕಿತ್ತು, ನಿಮಗೂ ಅದು ತನ್ನ ಕೆಲಸ ಮಾಡಿದೆ.

ಆದ್ದರಿಂದ ನೋಟ್‌ಬುಕ್ಕನ್ನು ಎಸೆಯಬೇಡಿ, ನಾಲ್ಕನೆಯ ಅಂಕಣವನ್ನು ಬದಲಿಸಿ. ‘ಅಭಿಪ್ರಾಯ’ ಎಂದು ತಲೆಬರಹವಿದ್ದರೆ ಯಾರಾದರೂ ‘ಚೆನ್ನಾಗಿದೆ’ ಎಂದೇ ಬರೆಯುತ್ತಾರೆ. ಪುಸ್ತಕ ಮುಗಿಸಿ ಒಂದು ವಾರ ಕಳೆದ ಮೇಲೆ, ಅದರೊಳಗಿನ ಒಂದೇ ಒಂದು ಸಂಗತಿಯನ್ನು, ಒಬ್ಬ ಮನುಷ್ಯನ ಒಂದು ಮಾತನ್ನೋ ಒಂದು ವಸ್ತುವನ್ನೋ, ಅಲ್ಲಿ ಬರೆಯಿರಿ. ಏನೂ ಹೊಳೆಯದಿದ್ದರೆ ಖಾಲಿ ಬಿಡಿ. ನಾನು ನಾಲ್ಕು ವರ್ಷಗಳಿಂದ ಹೀಗೆ ಮಾಡುತ್ತಿದ್ದೇನೆ. ನನ್ನಲ್ಲಿಯೂ ಖಾಲಿ ಮನೆಗಳಿವೆ, ಆದರೆ ಅವು ವರ್ಷದ ಕೊನೆಯವರೆಗೂ ಕಾದು ಒಮ್ಮೆಲೇ ಎದುರಾಗುವುದಿಲ್ಲ.

ಎರಡನೆಯದಾಗಿ, ಕಾರಂತರನ್ನು ಕಾಲಾನುಕ್ರಮದಲ್ಲಿ ಓದುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅದು ಪ್ರಬಂಧ ಬರೆಯುವ ವಿದ್ಯಾರ್ಥಿಯ ಕೆಲಸ. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ದಾರಿಯೊಂದು ಆಗಲೇ ಇದೆ, ಅದು ನೀವು ಬರೆದ ನಕ್ಷೆ. ನಿಮ್ಮ ಕೊನೆಯ ಚೌಕ ಮೇಗರವಳ್ಳಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಅದಿದೆ. ಆಗುಂಬೆಯಿಂದ ಮುಂದೆ ಘಾಟಿ ಇಳಿದರೆ ಕರಾವಳಿ. ‘ಮದುಮಗಳು’ ಕಾದಂಬರಿಯ ಗದ್ದೆ ತೋಟಗಳಲ್ಲಿ ದುಡಿಯುವ ಐತ, ಪೀಂಚಲು ಮೊದಲಾದವರು ಘಟ್ಟದ ಕೆಳಗಿನಿಂದ ಬಂದವರು. ಅವರು ಬಿಟ್ಟುಬಂದ ಸೀಮೆ ಹೇಗಿತ್ತು ಎಂಬ ಪ್ರಶ್ನೆ ನಿಮಗೆ ಹುಟ್ಟಲಿಲ್ಲವೇ? ನನಗೆ ಹುಟ್ಟಿತ್ತು. ಆ ಪ್ರಶ್ನೆಯೇ ನನ್ನನ್ನು ಕಾರಂತರ ‘ಮರಳಿ ಮಣ್ಣಿಗೆ’ಗೆ ಕರೆದೊಯ್ದಿತು. ಅಲ್ಲಿರುವುದು ಬೇರೆ ಜಾತಿ, ಬೇರೆ ಮನೆತನ. ಕೂಲಿಯಾಳುಗಳ ಕಥೆಯೇ ಬೇಕೆಂದರೆ ಅದು ಸಿಗದು, ಅದಕ್ಕೆ ‘ಚೋಮನ ದುಡಿ’ಗೇ ಹೋಗಬೇಕು. ಆದರೆ ಕಡಲ ದಂಡೆಯ ಕೋಡಿಯಲ್ಲಿ ಮೂರು ತಲೆಮಾರುಗಳ ಹೆಂಗಸರು ಉಪ್ಪುಗಾಳಿಯಲ್ಲಿ ಮಾಡುವ ದುಡಿಮೆಯ ವಿವರ ಅಲ್ಲಿರುವಷ್ಟು ಬೇರೆಲ್ಲೂ ನಾನು ಕಂಡಿಲ್ಲ. ನಂಜಮ್ಮನ ಲೆಕ್ಕದ ಮೇಲೆ ನಿಂತ ನಿಮ್ಮ ಕಣ್ಣು ಪಾರೋತಿ, ಸರಸೋತಿಯರ ಮೇಲೂ ನಿಲ್ಲುತ್ತದೆ.

ನಾನು ಇಲ್ಲಿ ಯಶವಂತ ಚಿತ್ತಾಲರನ್ನು ಹೀಗೆಯೇ ಓದಿದೆ. 1979ರ ‘ಶಿಕಾರಿ’ಯ ನಾಗಪ್ಪ ನಾನು ನಿತ್ಯ ನೋಡುವ ಮುಂಬಯಿಯ ಕಂಪನಿ ಲೋಕದವನು, ಆದರೆ ಅವನ ಭಯ ಎಲ್ಲಿಯದೆಂದು ಹುಡುಕುತ್ತಾ ಹೋದಾಗ ಚಿತ್ತಾಲರ ಹುಟ್ಟೂರಾದ ಹನೇಹಳ್ಳಿಯ ಕಥೆಗಳಿಗೆ ತಲುಪಿದೆ. ಒಂದು ಪುಸ್ತಕ ಇನ್ನೊಂದರ ವಿಳಾಸ ಕೊಟ್ಟಿತು, ನಾನು ಪಟ್ಟಿಯನ್ನೇನೂ ಮಾಡಲಿಲ್ಲ.

ಕುಮಾರವ್ಯಾಸನ ಬಗ್ಗೆ ನನ್ನ ಭಯವನ್ನೂ ಹೇಳಿಬಿಡುತ್ತೇನೆ. ಮೂರು ವರ್ಷಗಳ ಹಿಂದೆ ನಾನೂ ಸಂಕಲ್ಪ ಮಾಡಿದ್ದೆ. ಯುಗಾದಿಯವರೆಗೂ ಬರಲಿಲ್ಲ. ಶಬ್ದಾರ್ಥ ನೋಡಿ ಪದ್ಯಕ್ಕೆ ಬರುವಷ್ಟರಲ್ಲಿ ಸ್ಟೇಷನ್ ಬರುತ್ತಿತ್ತು.

ನಿವೃತ್ತ ಮೇಷ್ಟ್ರು, ಹಾಸನ

ಡೊಂಬಿವಲಿಯವರೇ, ನೀವು ಅವನನ್ನು ಲೋಕಲ್ ಟ್ರೇನಿನಲ್ಲಿ ನಿಲ್ಲಿಸಿ ಮಾತಾಡಿಸಿದಿರಿ, ಅವನು ಮುನಿಸಿಕೊಂಡ. ನಾನು ಬೇಡವೆಂದದ್ದು ಅದನ್ನೇ. ನಿಘಂಟನ್ನು ಪಕ್ಕಕ್ಕಿಟ್ಟು ಕುಳಿತವರು ಸಾಮಾನ್ಯವಾಗಿ ಎರಡನೆಯ ಸಂಧಿ ದಾಟುವುದಿಲ್ಲ. ಹಿಂದೆ ಕೇಳುತ್ತಿದ್ದವರಿಗೆ ನಿಘಂಟು ಎಲ್ಲಿತ್ತು? ಒಂದು ಪದ್ಯದಲ್ಲಿ ಮೂರು ಶಬ್ದ ತಿಳಿಯದಿದ್ದರೂ ಕಥೆ ನಿಲ್ಲುವುದಿಲ್ಲ.

ನಿಮ್ಮ ನಾಲ್ಕನೆಯ ಅಂಕಣದ ಉಪಾಯ ಮಾತ್ರ ಒಳ್ಳೆಯದು. ತರಗತಿಯಲ್ಲಿದ್ದಾಗ ಗೊತ್ತಿದ್ದಿದ್ದರೆ ಮಕ್ಕಳ ಸಾರಾಂಶ ಲೇಖನಗಳನ್ನು ಓದುವ ಶಿಕ್ಷೆಯಿಂದ ನಾನು ಪಾರಾಗುತ್ತಿದ್ದೆ.

ಧಾರವಾಡ ಪೇಡೆ

ಅಕ್ಕನವರೇ, ಇಲ್ಲಿಯವರೆಗಿನ ಉತ್ತರಗಳಲ್ಲಿ ಆರಿಸುವವರು ನೀವೇ ಎಂಬುದು ಇತ್ಯರ್ಥವಾದಂತೆಯೇ ಇದೆ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು: ಎಲ್ಲವನ್ನೂ ನಾವೇ ಆರಿಸಬೇಕೇ?

ನಮ್ಮ ಅಜ್ಜ ಮನೋಹರ ಗ್ರಂಥಮಾಲೆಯ ಚಂದಾದಾರರಾಗಿದ್ದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಈ ಪ್ರಕಾಶನದ ಕಚೇರಿಗೆ ಊರಿನಲ್ಲಿ ‘ಅಟ್ಟ’ ಎಂದೇ ಹೆಸರು. ಮರದ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಚಂದಾ ಕಟ್ಟಿದವರಿಗೆ ವರ್ಷದ ಪುಸ್ತಕಗಳು ಬರುತ್ತಿದ್ದವು. ಅವು ಯಾವುವಾಗಿರಬೇಕೆಂಬುದನ್ನು ತೀರ್ಮಾನಿಸುತ್ತಿದ್ದವರು ಅಟ್ಟದಲ್ಲಿ ಕುಳಿತವರು, ಅಜ್ಜನಲ್ಲ. 1961ರಲ್ಲಿ ‘ಯಯಾತಿ’ ಎಂಬ ನಾಟಕ ಹೊರಬಂದಾಗ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರರ ಹರೆಯ, ಅದು ಅವರ ಮೊದಲ ಕೃತಿ. ಅಂಗಡಿಯಲ್ಲಿ ನಿಂತು ಆರಿಸುವುದಾಗಿದ್ದರೆ, ಪುರಾಣದ ನಾಟಕವೆಂದರೆ ಕಂಪನಿ ನಾಟಕವನ್ನೇ ಬಲ್ಲ ಅಜ್ಜ ಹೆಸರೇ ಕೇಳದ ಹುಡುಗನೊಬ್ಬನ ಪುಸ್ತಕವನ್ನು ಖಂಡಿತ ಕೊಳ್ಳುತ್ತಿರಲಿಲ್ಲ. ಬಂತು, ಓದಿದರು, ಸಿಟ್ಟಾದರು. ಮಗನ ಯೌವನವನ್ನು ಕೇಳಿ ಪಡೆಯುವ ಅಪ್ಪನ ಮೇಲೆ ಅವರಿಗೆ ಬಂದ ಸಿಟ್ಟು ನಮ್ಮ ತಂದೆ ಮದುವೆಯಾಗುವವರೆಗೂ ಇತ್ತೆಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ.

ನೀವು ಕಪಾಟಿನ ಮುಂದೆ ಬೆನ್ನು ನೋಡಿ ಆರಿಸಿದಿರಿ, ಡೊಂಬಿವಲಿಯವರು ಪುಸ್ತಕದಿಂದ ಪುಸ್ತಕಕ್ಕೆ ವಿಳಾಸ ಹಿಡಿದು ಹೋಗುತ್ತಾರೆ. ಎರಡರಲ್ಲೂ ನಮಗೆ ಆಗಲೇ ಪ್ರೀತಿಯಿರುವ ಕಡೆಗೇ ನಾವು ತಿರುಗುತ್ತಿರುತ್ತೇವೆ. ನಿಮ್ಮ ಪಟ್ಟಿಯಲ್ಲಿ ನೀವು ಹೆಸರಿಸಿದ ನಾಲ್ಕರಲ್ಲಿ ಒಂದೂ ಹೆಂಗಸರು ಬರೆದದ್ದಲ್ಲ, ಗಮನಿಸಿದಿರಾ? ಉತ್ತರ ಕರ್ನಾಟಕದ್ದೂ ಇಲ್ಲ. ಇದು ನಮ್ಮ ಕಡೆಯ ಹಳೆಯ ದೂರು, ಬಿಡಿ. ವರ್ಷಕ್ಕೆ ನಾಲ್ಕು ಪುಸ್ತಕಗಳ ಆಯ್ಕೆಯನ್ನು ಬೇರೆಯವರ ಕೈಗೆ ಕೊಡಿ. ರೈಲಿನಲ್ಲಿ ಎದುರಿಗೆ ಕೂರುವವರಾಗಬಹುದು, ಗ್ರಂಥಾಲಯದ ಸಿಬ್ಬಂದಿಯಾಗಬಹುದು. ಒಂದೇ ಷರತ್ತು: ಅವರು ಹೇಳಿದ್ದನ್ನು ಐವತ್ತು ಪುಟವಾದರೂ ಓದದೆ ಬಿಡುವ ಹಾಗಿಲ್ಲ.

ಮೊದಲನೆಯದನ್ನು ನಾನೇ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮ ಗೆಳತಿಯರ ಬಳಗದಲ್ಲಿ ಅರ್ಧ ಜನ ಇಂಗ್ಲಿಷಿನ ‘ಹಾರ್ಟ್ ಲ್ಯಾಂಪ್’ ಕೊಂಡರು. ಅದರಲ್ಲಿ ಇರುವುದು ಆಯ್ದ ಹನ್ನೆರಡು ಕಥೆಗಳು. ಮೂಲ ಕಥೆಗಳು ಮೂರು ದಶಕಗಳಿಂದ ಕನ್ನಡದ ಸಂಕಲನಗಳಲ್ಲಿ ಕುಳಿತಿವೆ. ಕನ್ನಡ ಓದಬಲ್ಲವರು ಅನುವಾದ ಓದಿ ಮೆಚ್ಚುವುದು ಅಡುಗೆಮನೆಯಲ್ಲಿ ರೊಟ್ಟಿ ಇಟ್ಟುಕೊಂಡು ಖಾನಾವಳಿಯಿಂದ ತರಿಸಿದಂತೆ. ಮೇಷ್ಟ್ರ ಊರಿನವರೇ ಬರೆದದ್ದು, ಅವರೂ ಆಕ್ಷೇಪಿಸಲಾರರು.

ರೈಲು ಓದುಗಿ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಉತ್ತರ ಬರೆಯಲು ಹತ್ತು ದಿನ ತಡವಾಯಿತು. ಏನನ್ನಾದರೂ ಮಾಡಿ ನೋಡಿ ಆಮೇಲೆ ಬರೆಯೋಣವೆಂದು ಕಾದೆ.

ಧಾರವಾಡದವರ ಮಾತು ನಾಟಿತು. 27ರ ಪಟ್ಟಿಯನ್ನು ಮತ್ತೆ ನೋಡಿದೆ. ಹೆಂಗಸರು ಬರೆದವು ಐದಿದ್ದವು, ಐದರಲ್ಲಿ ನಾಲ್ಕು ನವೆಂಬರಿನ ಆ ತೆಳು ಪುಸ್ತಕಗಳ ಸಾಲಿನಲ್ಲಿಯೇ ಸೇರಿದ್ದವು. ಎಂದರೆ ಓದಿಯೂ ಓದದಂತೆ. ಬಾನು ಮುಷ್ತಾಕ್ ಅವರ ಕನ್ನಡದ ಸಂಕಲನವನ್ನು ತರಿಸಿದ್ದೇನೆ. ದಿನಕ್ಕೊಂದು ಕಥೆ ಎಂಬ ನಿಯಮ ಹಾಕಿಕೊಂಡಿದ್ದೆ; ಮೊದಲ ಕಥೆಯನ್ನೇ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓದಿದೆ. ಆಯ್ಕೆಯ ಹಕ್ಕನ್ನು ಹೂವಿನ ವ್ಯಾಪಾರದ ಆ ಹೆಂಗಸಿಗೂ ಕೊಟ್ಟೆ. ತನಗೆ ಓದಲು ಬಾರದು, ಆದರೆ ಮಗಳು ಶಾಲೆಯಲ್ಲಿ ಓದಿದ ತೇಜಸ್ವಿಯವರ ಹಾರುವ ಓತಿಯ ಕಥೆ ಓದಿ ತಮಗೂ ಹೇಳಬೇಕು ಎಂದರು. ‘ಕರ್ವಾಲೊ’ ನಾನು ಓದಿದ್ದೇನೆ, ಆದರೆ ಯಾರಿಗೂ ಹೇಳಿಲ್ಲ. ತುಮಕೂರಿನಿಂದ ಯಶವಂತಪುರದೊಳಗೆ ದಿನಕ್ಕಿಷ್ಟರಂತೆ ಹೇಳಿ ಮುಗಿಸಬಹುದೆಂದುಕೊಂಡಿದ್ದೇನೆ.

ಡೊಂಬಿವಲಿಯವರ ಸಲಹೆಯಂತೆ ನಾಲ್ಕನೆಯ ಅಂಕಣದ ತಲೆಬರಹ ಹೊಡೆದುಹಾಕಿ ‘ವಾರದ ಮೇಲೆ ಉಳಿದದ್ದು’ ಎಂದು ಬರೆದಿದ್ದೇನೆ. ‘ಮರಳಿ ಮಣ್ಣಿಗೆ’ ರೈಲಿನ ಪುಸ್ತಕವಾಗಿ ಚೀಲ ಸೇರಿದೆ. ನಕ್ಷೆಯ ಹಾಳೆಯಲ್ಲಿ ಜಾಗ ಸಾಲದೆ ಇನ್ನೊಂದು ಹಾಳೆಯನ್ನು ಕೆಳಗೆ ಅಂಟಿಸಿ, ಘಾಟಿಯನ್ನು ಎರಡರ ಜೋಡಿನಲ್ಲಿ ಬರೆದಿದ್ದೇನೆ. ‘ಕುಸುಮಬಾಲೆ’ಯನ್ನು ಮಾತ್ರ ಈಗಲೇ ಮತ್ತೆ ಹಿಡಿಯುವುದಿಲ್ಲ, ಮೇಷ್ಟ್ರು ಕ್ಷಮಿಸಬೇಕು. ಸೋತ ನೆನಪು ಇನ್ನೂ ಹಸಿಯಾಗಿದೆ.

ಕುಮಾರವ್ಯಾಸನನ್ನು ಮೇಷ್ಟ್ರು ಹೇಳಿದಂತೆಯೇ ಮನೆಯಲ್ಲಿ ಶುರು ಮಾಡಿದೆ. ವಿರಾಟಪರ್ವಕ್ಕೆ ಹೋಗುವ ಮುನ್ನ, ‘ರಾ’ ಮೇಲೆ ನಿಲ್ಲುವ ಆ ಮೊದಲ ಪದ್ಯವನ್ನು ಒಮ್ಮೆ ದನಿ ತೆಗೆದು ನೋಡೋಣವೆಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕುಳಿತೆ. ಒಳಗೆ ನಮ್ಮ ಅತ್ತೆ ಹಿತಕಿದ ಬೇಳೆಗೆಂದು ನೆನೆಸಿದ ಅವರೆಕಾಳಿನ ಸಿಪ್ಪೆ ತೆಗೆಯುತ್ತಿದ್ದರು. ಅವರು ತಿಪಟೂರು ಕಡೆಯ ಹಳ್ಳಿಯವರು, ನಾಲ್ಕನೆಯ ತರಗತಿಯವರೆಗೆ ಓದಿದವರು. ದಿನಪತ್ರಿಕೆಯ ಹೊರತು ಅವರ ಕೈಯಲ್ಲಿ ಪುಸ್ತಕವನ್ನು ನಾನು ಕಂಡಿಲ್ಲ. ‘ರಾಜೀವ’ದ ಕಡೆಗೇ ಗಮನವಿಟ್ಟುಕೊಂಡು ಹೊರಟ ನಾನು ಅದಕ್ಕೂ ಮೊದಲಿನ ‘ಶ್ರೀವನಿತೆಯರಸನೆ’ ಎಂಬಲ್ಲಿ ಉಸಿರು ತೆಗೆದುಕೊಂಡು ‘ಶ್ರೀವನಿತೆಯ ರಸನೆ’ ಎಂದು ಓದಿದೆ. ಒಳಗಿನಿಂದ ನಗು ಕೇಳಿಸಿತು. “ರಸನೆ ಅಲ್ಲ ಕಣಮ್ಮಾ, ಅರಸನೆ. ವನಿತೆಯ ಅರಸನೆ. ಲಕ್ಷ್ಮಿ ಗಂಡ” ಎಂದರು. ನನಗೆ ಆಶ್ಚರ್ಯವಾಗಿ ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ, ಚಿಕ್ಕವರಿದ್ದಾಗ ಮಳೆಯಿಲ್ಲದ ಒಂದು ವರ್ಷ ಊರ ಗುಡಿಯಲ್ಲಿ ಓದಿಸಿದ್ದರೆಂದೂ, ಕೊನೆಯ ದಿನ ಪಾನಕ ಕೊಡುತ್ತಿದ್ದರಿಂದ ಮಕ್ಕಳೆಲ್ಲ ತಪ್ಪದೆ ಹೋಗುತ್ತಿದ್ದೆವೆಂದೂ ಹೇಳಿದರು. ಮಳೆ ಬಂತೇ ಎಂದು ಕೇಳಿದೆ. ಅದು ನೆನಪಿಲ್ಲವಂತೆ; ಉತ್ತರಕುಮಾರ ಓಡಿದ್ದು ನೆನಪಿದೆಯಂತೆ.

ಬರುವ ಭಾನುವಾರಕ್ಕೆ ವಿರಾಟಪರ್ವದ ಮೊದಲ ಸಂಧಿ. ಅವರೇ ಸಮಯ ಗೊತ್ತು ಮಾಡಿದ್ದಾರೆ: ತಿಂಡಿಯಾದ ಮೇಲೆ, ಕುಕ್ಕರ್ ಇಡುವ ಮೊದಲು. ಮೇಷ್ಟ್ರೇ, ಪದಗಳನ್ನು ಬಿಡಿಸಿ ಅಚ್ಚು ಹಾಕಿದ ಪ್ರತಿ ಬೇಕೇ ಎಂದು ನಿಮ್ಮನ್ನು ಕೇಳಬೇಕೆಂದಿದ್ದೆ. ಸದ್ಯಕ್ಕೆ ಬೇಡವೆನಿಸುತ್ತಿದೆ.